ಕಾರ್ಖಾನೆಯ ಕುಲುಮೆಯಲ್ಲಿ ಒಂದು ಕರಿ ಬಿಲ್ಲೆ

ಮಗಳು ಧಾರವಾಡದಲ್ಲಿ ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಪಾಲಬಾವಿಯ ಧರೆಪ್ಪನಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. "ಕರೆಂಟಿಂದು ಏನೋ ಐತಿ" ಎನ್ನುತ್ತಿದ್ದ. ಹಾರೂಗೇರಿ ಸಂತೆಯಲ್ಲಿ ಒಬ್ಬರು, "ಹಂಗಾರ ನಿಮ್ಮ ಮಗಳು ಕಂಬಾ ಹತ್ತತಾಳೇನ್ರಿ?" ಎಂದು ಕೇಳಿದಾಗ ಅವನೂ ಅವರ ಜೊತೆ ನಕ್ಕುಬಿಟ್ಟಿದ್ದ. ಆದರೆ ಓದು ಬಿಡಿಸುವ ಮಾತನ್ನು ಅವನು ಎಂದೂ ಆಡಲಿಲ್ಲ. ಕಬ್ಬಿನ ಹೊಲವಿತ್ತು, ಬಾವಿಯಲ್ಲಿ ನೀರಿತ್ತು, ಗಂಡುಮಕ್ಕಳಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಪುಸ್ತಕದ ಮುಂದೆ ಊಟ ಮರೆತು ಕೂರುತ್ತಿದ್ದವಳು ಶಿವಗಂಗಾ ಒಬ್ಬಳೇ. ಊರಲ್ಲಿ ಎಲ್ಲರ ಬಾಯಲ್ಲೂ ಅವಳು ಶಿವಗಂಗವ್ವ.

ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿ, ೧೯೮೪ರಲ್ಲಿ ಅವಳು ಅಲ್ಲಿಯೇ ಸಂಶೋಧನೆಗೆ ಸೇರಿದಳು. ಲ್ಯಾಂಥನಮ್ ಎಂಬ ಅಪರೂಪದ ಲೋಹದ ಆಕ್ಸೈಡನ್ನೂ ತಾಮ್ರದ ಆಕ್ಸೈಡನ್ನೂ ಕೂಡಿಸಿ ನುಣ್ಣಗೆ ಅರೆಯಬೇಕು, ಕುಲುಮೆಯಲ್ಲಿ ಕಾಸಬೇಕು, ಮತ್ತೆ ಅರೆದು ಗುಳಿಗೆಯಂಥ ಬಿಲ್ಲೆ ಒತ್ತಬೇಕು, ಆ ಬಿಲ್ಲೆಯೊಳಗೆ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ಅಳೆಯಬೇಕು. ಬಿಸಿ ಏರಿದಂತೆ ಅದರ ತಡೆ ಏರುತ್ತದೋ ಇಳಿಯುತ್ತದೋ ನೋಡಬೇಕು. ಕೆಲಸ ಇಷ್ಟೇ. ಆದರೆ ಒಂದೇ ಪುಡಿ, ಸ್ವಲ್ಪ ಹೆಚ್ಚು ಕಾಸಿದರೆ ಒಂದು ಗುಣ, ಕಡಿಮೆ ಕಾಸಿದರೆ ಇನ್ನೊಂದು ಗುಣ ತೋರಿಸುತ್ತಿತ್ತು. ಕಲ್ಲಿನಂತೆ ಕಾಣುವ ವಸ್ತು ಲೋಹದಂತೆ ನಡೆದುಕೊಳ್ಳುತ್ತಿತ್ತು. ಮೀಟರಿನ ಮುಳ್ಳು ತಾನೆಣಿಸದ ಕಡೆಗೆ ಸರಿದ ದಿನ ಶಿವಗಂಗಾ ಹಾಸ್ಟೆಲಿಗೆ ನಡೆದು ಹೋಗುವಾಗ ದಾರಿಯಲ್ಲಿ ಸಿಕ್ಕವರ ಜೊತೆಗೆಲ್ಲ ಮಾತಾಡುತ್ತಿದ್ದಳು. ಉಳಿದ ದಿನಗಳಲ್ಲಿ ಅವಳದು ಮಾತು ಕಡಿಮೆ.

ಎರಡು ವರ್ಷವಾಗುವಷ್ಟರಲ್ಲಿ ಅಥಣಿ ಕಡೆಯಿಂದ ಸಂಬಂಧ ಬಂತು. ಮುರಗೆಪ್ಪ ಎಂಬ ದೊಡ್ಡ ಒಕ್ಕಲಿಗನ ಮನೆ, ಎತ್ತರದ ಗೋಡೆಯ ಹಳೆಯ ವಾಡೆ. ದ್ರಾಕ್ಷಿಯ ತೋಟ, ಕಬ್ಬು, ಸಕ್ಕರೆ ಕಾರ್ಖಾನೆಯಲ್ಲಿ ಡೈರೆಕ್ಟರಿಕೆ. ಹುಡುಗ ಬಾಪುಸಾಹೇಬ ಕಾಲೇಜು ಅರ್ಧಕ್ಕೆ ಬಿಟ್ಟವನು, ಸಾಧು, ದ್ರಾಕ್ಷಿ ಬಳ್ಳಿಯ ಬಗ್ಗೆ ಮಾತು ಬಂದರೆ ಮಾತ್ರ ಬಾಯಿ ಬಿಚ್ಚುವವನು. ಮಾತುಕತೆಯ ದಿನ ಧರೆಪ್ಪ ಅಳುಕುತ್ತಲೇ ಮಗಳ ಓದಿನ ಸಂಗತಿ ತೆಗೆದ. ಮುರಗೆಪ್ಪ ನಗುತ್ತಾ ಹೇಳಿದ:

"ಕಲತ ಸೊಸಿ ಬರ್ತಾಳ ಅಂದ್ರ ನಮಗ ಹೆಮ್ಮಿ ಅಲ್ಲೇನ್ರಿ ಬೀಗರ? ಉಳದದ್ದು ಮದಿವಿ ಆದಮ್ಯಾಲ ಮುಗಸಲಿ. ನಾವೇನ್ ಬ್ಯಾಡ ಅನ್ನಂಗಿಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಬೇಡ ಎಂಬ ಮಾತು ಅವನ ಬಾಯಿಂದ ಕೊನೆಯವರೆಗೂ ಬರಲಿಲ್ಲ.

ಮದುವೆ ಬೇಸಿಗೆಯಲ್ಲಾಯಿತು. ಮಳೆಗಾಲ ಕಳೆಯಲಿ, ಆಮೇಲೆ ಧಾರವಾಡಕ್ಕೆ ಹೋದರಾಯಿತು ಎಂದರು. ಮಳೆಗಾಲ ಕಳೆದ ಮೇಲೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ಕೆಲಸ ಬಂತು; ಮನೆ ತುಂಬ ಆಳುಗಳು, ಅಡುಗೆ ಮನೆಯಲ್ಲಿ ರೊಟ್ಟಿಯ ರಾಶಿ. ಚಾಟ್ನಿ ಮುಗಿಯುವಾಗ ಶಿವಗಂಗಾ ಬಸುರಿಯಾಗಿದ್ದಳು. "ಇಂಥಾದ್ರಾಗ ಆ ಕುಲುಮಿ ಮುಂದ ಕುಂದ್ರತೀಯೇನು?" ಎಂದು ಅತ್ತೆ ಗೌರಾಬಾಯಿ ಕೇಳಿದಳು. ಅದರಲ್ಲಿ ಕೆಟ್ಟತನವಿರಲಿಲ್ಲ. ಯಾವ ಕಾರಣವೂ ಸುಳ್ಳಾಗಿರಲಿಲ್ಲ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾರೂ ತಪ್ಪೆನ್ನಲಾಗದು. ಅವೆಲ್ಲ ಒಂದರ ಹಿಂದೊಂದು ಬಂದು ನಿಂತಾಗ ಮಾತ್ರ ಆ ವಾಡೆಯ ಗೋಡೆಗಿಂತ ಎತ್ತರವಾಗುತ್ತಿದ್ದವು.

ಹೆಣ್ಣು ಕೂಸು ಹುಟ್ಟಿತು. ಮುರಗೆಪ್ಪನ ತಾಯಿಯ ಹೆಸರೇ ಅದಕ್ಕೂ ಬಂತು, ಚನ್ನವ್ವ.

ಕೂಸು ತೊಟ್ಟಿಲಲ್ಲಿದ್ದಾಗ, ೧೯೮೭ರ ಮಳೆಗಾಲದಲ್ಲಿ, ಬಾಹುಬಲಿ ಬಂದ. ಕಾಗವಾಡದವನು, ಧಾರವಾಡದಲ್ಲಿ ಅವಳ ಸಂಶೋಧನೆಯ ಗುರುಗಳ ಕೈಯಲ್ಲೇ ಅವಳಿಗಿಂತ ಒಂದು ವರ್ಷ ಕಿರಿಯನಾಗಿ ಸೇರಿದವನು. ತಂಗಿಯ ಮದುವೆಗೆ ಕರೆಯಲು ಬಂದಿದ್ದ. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಗೌರಾಬಾಯಿ ಎಲೆ ಅಡಿಕೆಯ ತಟ್ಟೆ ಹಿಡಿದು ಅಲ್ಲೇ ಕಂಬಕ್ಕೊರಗಿ ಕೂತಳು.

"ಅಕ್ಕಾ, ಪೇಪರಿನ್ಯಾಗ ಓದಿದ್ರಿ?" ಎಂದು ಅವನು ಕೇಳಿದ.

"ಏನು?"

"ತಾಮ್ರದ ಆಕ್ಸೈಡ್. ನಮ್ಮದ ಜಾತೀದು. ಹೊರದೇಶದಾಗ ಅದಕ್ಕ ಬೇರಿಯಂ ಕೂಡ್ಸಿ ತಣಿಸಿ ನೋಡ್ಯಾರ. ತಡಿ ಪೂರ್ತಿ ಸೊನ್ನಿ ಆಗೇತಿ. ಮದ್ಲ ಲ್ಯಾಂಥನಮ್ ಇತ್ತು, ಈಗ ಅದರ ಜಾಗಾದಾಗ ಇಟ್ರಿಯಂ ಹಾಕ್ಯಾರ. ದ್ರವ ನೈಟ್ರೋಜನ್ ಇದ್ರ ಸಾಕು. ಹೀಲಿಯಂ ಬೇಕಾಗಿಲ್ಲ."

ಅತಿವಾಹಕ ವಸ್ತುಗಳ ಬಗ್ಗೆ ಅವಳು ಎಂ.ಎಸ್ಸಿ.ಯಲ್ಲಿ ಓದಿದ್ದಳು. ವಿದ್ಯುತ್ತಿಗೆ ಒಂದಿಷ್ಟೂ ಅಡ್ಡಬರದ ವಸ್ತುಗಳು. ಆದರೆ ಅದಕ್ಕೆ ಅವನ್ನು ಎಷ್ಟು ತಣಿಸಬೇಕಾಗುತ್ತಿತ್ತೆಂದರೆ, ಅಂಥ ತಂಪು ಇಡೀ ದೇಶದಲ್ಲಿ ಬೆರಳೆಣಿಕೆಯ ಪ್ರಯೋಗಾಲಯಗಳಲ್ಲಷ್ಟೇ ಸಿಗುತ್ತಿತ್ತು. ಈಗ ಅದು ಸಣ್ಣ ಪ್ರಯೋಗಾಲಯದ ಕೈಗೂ ಎಟುಕುವಂತಾಗಿತ್ತು.

"ಎಷ್ಟಕ್ಕ ಕಾಸ್ಯಾರ?" ಎಂದು ಶಿವಗಂಗಾ ಕೇಳಿದಳು.

"ಏನ್ ಕಾಸೂದು? ಹಾಲೇನು?" ಎಂದಳು ಗೌರಾಬಾಯಿ.

ಬಾಹುಬಲಿ ಹೇಳಿದ ಅಂಕಿ ಅವಳು ಬಳಸುತ್ತಿದ್ದುದರ ಹತ್ತಿರವೇ ಇತ್ತು. "ಸರ್ ಒಂದ್ ಮಾತು ಹೇಳಿದ್ರು ಅಕ್ಕಾ," ಎಂದು ಅವನು ತಲೆ ತಗ್ಗಿಸಿಕೊಂಡು ಮುಂದುವರಿಸಿದ. "ನಾವೆಲ್ಲಾ ಕಾಸಿ ಕಾಸಿ ಅಳದಿವಿ, ತಣಿಸಿ ಅಳೀಲಿಲ್ಲ ಅಂದ್ರು. ಡಿಪಾರ್ಟ್‌ಮೆಂಟಿನ್ಯಾಗ ಈಗ ಕುಲುಮಿ ಆರಸೂದ ಇಲ್ಲ. ನೀವು ಇರಬೇಕಾಗಿತ್ತು."

ಅವಳ ಬಿಲ್ಲೆಗಳಲ್ಲಿ ಬೇರಿಯಂ ಇರಲಿಲ್ಲ; ಅವನ್ನು ತಣಿಸಿದ್ದರೂ ಏನೂ ಆಗುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೂ ಅವನು ಹೋದ ಮೇಲೆ ಹಿಟ್ಟು ನಾದುತ್ತಾ ಕೂತವಳಿಗೆ ತಾನು ಬಿಟ್ಟುಬಂದ ಕೋಣೆಯಲ್ಲಿ ಎಲ್ಲರೂ ಒಂದು ಬಾಗಿಲು ತೆರೆದು ಹೊರಗೆ ಹೋಗುತ್ತಿದ್ದಾರೆ, ತಾನು ಮಾತ್ರ ಇಲ್ಲಿದ್ದೇನೆ ಎನಿಸಿತು. ಹಿಟ್ಟು ಗಟ್ಟಿಯಾಗಿ ಹೋಯಿತು. ಮತ್ತೆ ಬಿಸಿನೀರು ಹಾಕಿ ನಾದಿದಳು.

ಸೊಸೆ ಸೊರಗುತ್ತಿರುವುದು ಮುರಗೆಪ್ಪನ ಕಣ್ಣಿಗೂ ಬಿದ್ದಿರಬೇಕು. ಮರುವರ್ಷ ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ಅವನೇ ಕರೆದು ಹೇಳಿದ: "ಕಾರ್ಖಾನಿ ಲ್ಯಾಬಿನ್ಯಾಗ ಸೈನ್ಸ್ ಕಲತವ್ರು ಬೇಕಾಗ್ಯಾರ. ಹೊರಗ ಹೋಗಬೇಕಂತಿದ್ದೆಲ್ಲ, ಹೋಗವಾ. ನಮ್ಮ ಕಾರ್ಖಾನಿ, ನಮ್ಮ ಜೀಪು. ಮುಂಜಾನಿ ಬಿಡ್ತೈತಿ, ಸಂಜಿಮುಂದ ಕರಕೊಂಡ ಬರ್ತೈತಿ."

ಅದು ಉಪಕಾರವೇ ಆಗಿತ್ತು. ಅದನ್ನು ಒಪ್ಪಿಕೊಂಡ ಮೇಲೆ ಧಾರವಾಡದ ಮಾತನ್ನು ಮತ್ತೆ ಎತ್ತಲಾಗಲಿಲ್ಲ.

ಲ್ಯಾಬಿನಲ್ಲಿ ಕೆಲಸ ಸುಲಭದ್ದು. ಗಾಣದಿಂದ ಬಂದ ರಸದಲ್ಲಿ ಸಿಹಿ ಎಷ್ಟು, ಸಿಪ್ಪೆಯಲ್ಲಿ ಉಳಿದದ್ದೆಷ್ಟು ಎಂದು ನೋಡಿ ಬರೆಯುವುದು. ಅಲ್ಲಿಯ ಗಾಳಿಯೆಲ್ಲ ಬೆಲ್ಲದ ಪಾಕದಂತೆ ಅಂಟಂಟು. ಮೂಲೆಯಲ್ಲೊಂದು ಸಣ್ಣ ವಿದ್ಯುತ್ ಕುಲುಮೆಯಿತ್ತು. ಸಕ್ಕರೆಯನ್ನು ಪೂರ್ತಿ ಸುಟ್ಟು, ಉಳಿದ ಬೂದಿ ತೂಗಲು ಅದನ್ನು ಇಟ್ಟಿದ್ದರು. ಶಿವಗಂಗಾ ಮೊದಲ ದಿನವೇ ಅದರ ಮುಂದೆ ನಿಂತು, ಬದಿಯ ಫಲಕದ ಮೇಲೆ ಅದು ಎಷ್ಟು ಬಿಸಿಯಾಗಬಲ್ಲದು ಎಂದು ಓದಿದಳು. ಸಾಕಾಗುವಷ್ಟಿತ್ತು. ಇನ್ನೊಂದು ಅನುಕೂಲವೂ ಇತ್ತು. ಸುತ್ತಲಿನ ಊರಿಗೆಲ್ಲ ಕರೆಂಟು ಬರುವುದು ಹೋಗುವುದು ನಡೆದೇ ಇದ್ದರೂ, ಹಂಗಾಮಿನಲ್ಲಿ ಕಾರ್ಖಾನೆ ಕಬ್ಬಿನ ಸಿಪ್ಪೆ ಉರಿಸಿ ತನ್ನ ಕರೆಂಟು ತಾನೇ ಮಾಡಿಕೊಳ್ಳುತ್ತಿತ್ತು. ಅಲ್ಲಿ ದೀಪ ಆರುತ್ತಿರಲಿಲ್ಲ.

ಲ್ಯಾಬಿನ ಹಿರಿಯ ರಾಜಾರಾಮ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಅವಳು ಕೇಳಿದಾಗ ಕನ್ನಡಕ ತೆಗೆದು ಒರೆಸುತ್ತಾ ಅಂದ: "ಬೂದಿ ಕೆಲಸ ಮುಗದಮ್ಯಾಲ ಏನರ ಸುಟ್ಕೋರಿ. ಕಾರ್ಖಾನಿ ಒಂದ ಸುಡಬ್ಯಾಡ್ರಿ."

ಬಾಹುಬಲಿ ಆಗ ಅಥಣಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಗುರುಗಳಿಂದ ಮೂರು ಪುಡಿಗಳನ್ನು ತಂದು ಕಾರ್ಖಾನೆಗೇ ತಲುಪಿಸಿದ: ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ತಾಮ್ರದ ಆಕ್ಸೈಡ್. ಅವಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅರೆದಳು. ಒರಳಿನಂಥ ಅಗೇಟ್ ಕಲ್ಲಿನ ಪಾತ್ರೆ ಇರಲಿಲ್ಲ. ಲ್ಯಾಬಿನ ಪಿಂಗಾಣಿ ಖಲ್ಬತ್ತಿನಲ್ಲೇ ಅರೆದಳು. ಬಿಲ್ಲೆ ಒತ್ತುವ ಅಚ್ಚನ್ನು ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಬಾಳಾಸಾಬ ಎಂಬ ಫಿಟರ್ ತಿರುಗಿಸಿ ಕೊಟ್ಟ. ಏತಕ್ಕೆ ಎಂದು ಅವನು ಕೇಳಲೂ ಇಲ್ಲ.

ಮೊದಲ ಬಿಲ್ಲೆ ಹಸಿರಾಗಿ ಬಂತು. ಕುಲುಮೆ ಹೆಚ್ಚು ಕಾದಿತ್ತು. ಹಸಿರು ಎಂದರೆ ಕೆಟ್ಟಿತು ಎಂದೇ ಅರ್ಥ. ಎರಡನೆಯದು ಕರಿ ಬಣ್ಣಕ್ಕೆ ತಿರುಗಿತು. ಅವಳು ಐಸ್‌ಕ್ಯಾಂಡಿ ಮಾರುವವನಿಂದ ಒಂದು ಗಡ್ಡೆ ಐಸು ತರಿಸಿ, ಬಿಲ್ಲೆಯನ್ನು ಅದರ ಮೇಲಿಟ್ಟು ಮೀಟರು ಹಚ್ಚಿದಳು. ತಣ್ಣಗಾದಂತೆ ತಡೆ ಇಳಿಯಬೇಕಿತ್ತು. ಏರಿತು.

ಯಾಕೆಂದು ಅವಳಿಗೆ ತಕ್ಷಣ ತಿಳಿಯಿತು. ಈ ವಸ್ತು ಕುಲುಮೆಯ ಬಿಸಿಯಲ್ಲಿ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ನಿಧಾನವಾಗಿ, ಬಹಳ ನಿಧಾನವಾಗಿ ತಣಿಸಿದರೆ ಮಾತ್ರ ಅದನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ. ಅದಕ್ಕೆ ಪಕ್ಕದಲ್ಲಿ ಒಬ್ಬರು ಕೂತು, ಬೆಳಗಾಗುವವರೆಗೆ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಅವಳ ಜೀಪು ಸಂಜೆಗೇ ಬಂದು ನಿಲ್ಲುತ್ತಿತ್ತು. ರಾತ್ರಿ ಪಾಳಿಯವನಿಗೆ ಹೇಳಿ ಹೋಗಿದ್ದಳು. ಅವನಿಗೆ ರಸದ ಪರೀಕ್ಷೆಯೇ ಕೈತುಂಬ. ನೆನಪಾದಾಗ ಒಮ್ಮೆಗೇ ಸ್ವಿಚ್ಚು ಆರಿಸಿ, ಬಿಲ್ಲೆಯನ್ನು ಇಕ್ಕಳದಿಂದ ಹೊರಗೆ ತೆಗೆದಿಟ್ಟಿದ್ದ.

ಮೂರನೆಯ ಸಲವೂ ಹಾಗೆಯೇ ಆಯಿತು.

ಹಂಗಾಮು ಮುಗಿಯುತ್ತ ಬಂದಿತ್ತು. ಆಮೇಲೆ ಕಾರ್ಖಾನೆ ನಿಲ್ಲುತ್ತದೆ, ಕರೆಂಟು ಊರಿನಂತೆಯೇ ಆಗುತ್ತದೆ, ಲ್ಯಾಬಿಗೆ ಬೀಗ ಬೀಳುತ್ತದೆ. ಫೆಬ್ರುವರಿಯ ಒಂದು ಸಂಜೆ ಚಾಲಕ ಮಾಳಸಿದ್ದ ಹಾರ್ನು ಹೊಡೆದಾಗ ಶಿವಗಂಗಾ ಹೊರಗೆ ಬಂದಳು. ಕೈಯಲ್ಲಿ ಚೀಲವಿರಲಿಲ್ಲ.

"ನೀ ಹೋಗು ಮಾಳಸಿದ್ದ. ನಾ ಮುಂಜಾನಿ ಬರ್ತೀನಿ."

ಮಾಳಸಿದ್ದ ಇಂಜಿನು ಆರಿಸಿದ. "ಧಣ್ಯಾರಿಗೆ ಏನಂತ ಹೇಳ್ಲಿರಿ ಅಕ್ಕಾರ?"

"ಕುಲುಮಿ ಆರೂದೈತಿ ಅಂತ ಹೇಳು."

"ಬರೇ ಅಷ್ಟ ಹೇಳ್ಲೇನ್ರಿ?"

"ಅಷ್ಟ ಹೇಳು."

ಜೀಪು ತಿರುಗಿಕೊಂಡು ಕಬ್ಬಿನ ಗಾಡಿಗಳ ಸಾಲಿನ ನಡುವೆ ಹೋಯಿತು. ಅದು ಮರೆಯಾಗುವವರೆಗೆ ಅವಳು ನಿಂತಳು. ಒಳಗೆ ಬಂದು, ಬಾಳಾಸಾಬ ವರ್ಕ್‌ಶಾಪಿನಿಂದ ಉರುಳಿಸಿಕೊಂಡು ತಂದಿದ್ದ ವೆಲ್ಡಿಂಗಿನ ಆಮ್ಲಜನಕದ ಸಿಲಿಂಡರಿನ ಕೊಳವೆಯನ್ನು ಕುಲುಮೆಯ ಹಿಂದಿನ ತೂತಿಗೆ ಸೇರಿಸಿದಳು.

ಸ್ವಲ್ಪ ಹೊತ್ತಿಗೆ ಬಾಪುಸಾಹೇಬ ಮೋಟಾರ್‌ಸೈಕಲ್ ಮೇಲೆ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಏನಾತು? ಅಪ್ಪ ಕರಕೊಂಡ ಬಾ ಅಂದ್ರು."

"ಇದನ್ನ ಅವಸರದಾಗ ತಣಿಸಿದ್ರ ಕೆಡತೈತ್ರಿ. ಎರಡ ಸಲ ಹಂಗ ಕೆಟ್ಟೈತಿ. ಇವತ್ತ ನಾ ಬಿಟ್ಟ ಬರಂಗಿಲ್ಲ."

"ಎಷ್ಟೊತ್ತು ಬೇಕು?"

"ಬೆಳಕ ಹರಿಯೂತನಕ."

ಅವನು ಬಾಗಿಲ ಕಡೆ ನೋಡಿದ. ಹೊರಗೆ ಗಾಣದ ಸದ್ದು ಒಂದೇ ಸಮ ಬರುತ್ತಿತ್ತು. ಆಮೇಲೆ ಒಂದು ಸ್ಟೂಲು ಎಳೆದುಕೊಂಡ. "ಹಂಗಾರ ಕುಂದ್ರೂಣು," ಎಂದ.

ಅವನು ಏನನ್ನೂ ಕೇಳಲಿಲ್ಲ. ಗೋಡೆಗೊರಗಿ ನಿದ್ದೆ ಹೋದ. ಅವಳು ಗುಂಡಿ ತಿರುಗಿಸುತ್ತಾ ಕೂತಳು. ಮದುವೆಯಾದಂದಿನಿಂದ ಅವಳಿಗೆ ಗಂಡನ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ಬೆಳಗ್ಗೆ ಕುಲುಮೆ ತೆರೆದಾಗ ಬಿಲ್ಲೆ ಇದ್ದಿಲಿನಂತೆ ಕಪ್ಪಗಿತ್ತು. ರಾಜಾರಾಮ ಐಸಿನ ಗಡ್ಡೆ ತಂದುಕೊಟ್ಟ. ಬಿಲ್ಲೆ ತಣ್ಣಗಾದಂತೆ ತಡೆ ಕೆಳಗಿಳಿಯಿತು. ಅವಳು ಮೂರು ಸಲ ಮಾಡಿ ನೋಡಿದಳು, ಮೂರು ಸಲವೂ ಇಳಿಯಿತು.

ಮನೆಗೆ ಬಂದಾಗ ಮುರಗೆಪ್ಪ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಏನೂ ಕೇಳಲಿಲ್ಲ. ಗೌರಾಬಾಯಿ, "ಕೂಸು ಭಾಳ ಅತ್ತು," ಎಂದಳು, ಅಷ್ಟೇ. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದ ಶಿವಗಂಗಾಳಿಗೆ ಆ ಮೌನದ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸ್ನಾನ ಮಾಡಿ ಅಡುಗೆ ಮನೆಗೆ ಹೋದಳು. ಹಂಗಾಮು ಮುಗಿದ ವಾರ ಊಟಕ್ಕೆ ಕೂತಾಗ ಮುರಗೆಪ್ಪ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ: "ಮುಂದಿನ ಹಂಗಾಮಿಗೆ ಬ್ಯಾರೇದವ್ರನ್ನ ತಗೊಂಡಾರ. ನಿನಗೂ ದಗದ ಹಗರ ಆತು."

ಆ ದಿನದಿಂದ ಜೀಪು ಅವಳಿಗಾಗಿ ನಿಲ್ಲಲಿಲ್ಲ.

ಆ ರಾತ್ರಿ ಅದೇ ಪುಡಿಯಿಂದ ಅವಳು ಇನ್ನೂ ಒಂದೆರಡು ಬಿಲ್ಲೆ ಒತ್ತಿ, ಜೊತೆಗೇ ಕುಲುಮೆಯಲ್ಲಿಟ್ಟಿದ್ದಳು. ಈ ವಸ್ತುವಿಗೆ ತೇವ ಆಗಿಬರುವುದಿಲ್ಲ. ಆದ್ದರಿಂದ ಕಾರ್ಖಾನೆಯಿಂದ ತಂದ ಒಣ ಸುಣ್ಣದ ಹರಳುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಬಿಲ್ಲೆಗಳನ್ನು ಬಟ್ಟೆಯಲ್ಲಿ ಸುತ್ತಿ ಅದರಲ್ಲಿಟ್ಟಳು. ಅವು ನಿಜಕ್ಕೂ ಅತಿವಾಹಕಗಳೋ ಅಲ್ಲವೋ ಐಸಿನಿಂದ ಪೂರ್ತಿ ತಿಳಿಯುವಂತಿರಲಿಲ್ಲ. ಐಸು ಎಲ್ಲಿ, ದ್ರವ ನೈಟ್ರೋಜನ್ ಎಲ್ಲಿ. ಬೇಸಿಗೆಯಿಡೀ ಡಬ್ಬಿ ಮಂಚದ ಕೆಳಗಿತ್ತು. ಮಣೂಕಕ್ಕೆ ಒಣಹಾಕಿದ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ತಿರುವಿ ಹಾಕುತ್ತಾ, ತಂಪು ಎಲ್ಲಿ ಸಿಕ್ಕೀತು ಎಂದು ಅವಳು ಯೋಚಿಸುತ್ತಿದ್ದಳು. ತೋಟದ ದಾರಿಯಲ್ಲಿ ದನದ ಡಾಕ್ಟರು ಸೈಕಲ್ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ ಅಲ್ಯೂಮಿನಿಯಂ ಕ್ಯಾನು ಕಣ್ಣಿಗೆ ಬಿದ್ದ ದಿನ ಕೈಯಲ್ಲಿದ್ದ ಬುಟ್ಟಿಯನ್ನು ಹಾಗೇ ಕೆಳಗಿಟ್ಟಳು. ಜಾತಿಯ ಹೋರಿಗಳ ವೀರ್ಯವನ್ನು ಕೆಡದಂತೆ ಇಡುವುದು ದ್ರವ ನೈಟ್ರೋಜನ್ನಿನಲ್ಲೇ. ಅದು ತವರಿನತ್ತ, ರಾಯಬಾಗದ ಕಡೆಯ ಹಳ್ಳಿಹಳ್ಳಿಗೂ ಹೋಗುತ್ತಿತ್ತು.

ನಾಗರ ಪಂಚಮಿಗೆ ತವರಿಗೆ ಹೋಗುವುದನ್ನು ಯಾರೂ ತಡೆಯುವಂತಿರಲಿಲ್ಲ. ಡಬ್ಬಿಯನ್ನು ಜೊತೆಗೇ ಒಯ್ದು, ಪಾಲಬಾವಿಯಲ್ಲಿ ಅಪ್ಪನಿಗೆ ಹೇಳಿದಳು. ಧರೆಪ್ಪನಿಗೆ ಅರ್ಧ ಅರ್ಥವಾಯಿತು. "ನಮ್ಮ ಆಕಳಾ ಬೆದಿಗೆ ಬಂದೈತಿ. ಹಾರೂಗೇರಿಗೆ ಹೊಡಕೊಂಡ ಹೋಗೂದ ಇತ್ತು. ನೀನೂ ಬಾ," ಎಂದ. ಕೂಸನ್ನು ಅವ್ವನ ಹತ್ತಿರ ಬಿಟ್ಟು, ಜಿಟಿಜಿಟಿ ಮಳೆಯಲ್ಲಿ ಆಕಳನ್ನು ಮುಂದೆ ಮಾಡಿಕೊಂಡು ತಂದೆ ಮಗಳು ನಡೆದರು.

ದನದ ದವಾಖಾನೆಯಲ್ಲಿ ವಿಠೋಬಾ ಎಂಬಾತ ಆ ಕ್ಯಾನಿನ ಉಸ್ತುವಾರಿ ನೋಡುತ್ತಿದ್ದ. ಆಕಳ ಕೆಲಸ ಮುಗಿಸಿದ ಮೇಲೆ ಶಿವಗಂಗಾ ಒಂದಿಷ್ಟು ನೈಟ್ರೋಜನ್ ಕೇಳಿದಳು. ಅವನು ಕ್ಯಾನಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡ.

"ಇದು ಕಮ್ಮಿ ಆದ್ರ ನನ್ನ ಹೋರಿ ಎಲ್ಲಾ ಸಾಯ್ತಾವ್ರಿ ಅಕ್ಕಾರ. ಏನ್ ಮಾಡ್ತೀರಿ ಇದನ್ನ?"

"ಒಂದ ವಾಟಗ ಸಾಕ್ರಿ. ನಿಮ್ಮ ಕಣ್ಣ ಮುಂದ ಮಾಡ್ತೀನಿ. ಚಂದ ಅನಸಲಿಲ್ಲಂದ್ರ ಬೈರಿ."

ಹಿಂದಿನ ದಿನವೇ ನೈಟ್ರೋಜನ್ ತುಂಬಿಸಿಕೊಂಡು ಬಂದಿದ್ದರು. ಅವನ ಮನಸ್ಸು ಕರಗಿತು. ಔಷಧಿ ಬಂದಿದ್ದ ಥರ್ಮಾಕೋಲ್ ಪೆಟ್ಟಿಗೆಯೊಂದರ ತಳವನ್ನು ಕತ್ತರಿಸಿ ಕೊಟ್ಟ. ಅವಳು ಕರಿ ಬಿಲ್ಲೆಯನ್ನು ಅದರ ನಡುವೆ ಇಟ್ಟಳು. ವಿಠೋಬಾ ಕ್ಯಾನನ್ನು ಬಾಗಿಸಿದ. ಬಿಳಿ ಹೊಗೆ ಮೇಜಿನ ಅಂಚಿನಿಂದ ನೆಲಕ್ಕೆ ಇಳಿಯಿತು. ದ್ರವ ಚುರುಚುರು ಕುದಿದು, ಕುದಿದು, ಸುಮ್ಮನಾಯಿತು. ಹಳೆಯ ಇಯರ್‌ಫೋನಿನಿಂದ ಬಾಹುಬಲಿ ಬಿಚ್ಚಿಕೊಟ್ಟಿದ್ದ ಹೆಸರುಕಾಳಿನಷ್ಟು ದಪ್ಪದ ಅಯಸ್ಕಾಂತವನ್ನು ಅವಳು ಮರದ ಚಿಮಟದಿಂದ ಬಿಲ್ಲೆಯ ಮೇಲೆ ಬಿಟ್ಟಳು.

ಅದು ಕೆಳಗೆ ಬೀಳಲಿಲ್ಲ. ಬಿಲ್ಲೆಗಿಂತ ಮೇಲೆ, ಗಾಳಿಯಲ್ಲಿ ನಿಂತಿತು. ಚಿಮಟದ ತುದಿಯಿಂದ ತುಸು ನೂಕಿದರೆ ತೂಗಿ, ಮತ್ತೆ ತನ್ನ ಜಾಗಕ್ಕೆ ಬಂದಿತು.

ವಿಠೋಬಾ ಒಂದು ಪ್ಲಾಸ್ಟಿಕ್ ಕಡ್ಡಿ ತಂದು ಬಿಲ್ಲೆಗೂ ಅಯಸ್ಕಾಂತಕ್ಕೂ ನಡುವೆ ತೂರಿಸಿ ನೋಡಿದ. ಕಡ್ಡಿ ಆಚೆಗೆ ಬಂತು. ಎಮ್ಮೆಯ ಹಗ್ಗ ಹಿಡಿದು ಸರದಿಗೆ ಕಾಯುತ್ತಿದ್ದ ದುಂಡವ್ವ ಎಂಬ ಮುದುಕಿ ಹತ್ತಿರ ಬಂದು ಬಗ್ಗಿದಳು.

"ಅದನ್ನ ಯಾರ ಹಿಡದಾರ?"

"ಯಾರೂ ಹಿಡದಿಲ್ಲ, ಆಯಿ."

"ಹಂಗಾರ ಯಾಕ ಬೀಳವಲ್ದು?"

ಶಿವಗಂಗಾ ಹೇಳಲು ಬಾಯಿ ತೆರೆದಳು. ತಡೆಯಿಲ್ಲದೆ ಹರಿಯುವ ವಿದ್ಯುತ್ತು, ಅದು ಅಯಸ್ಕಾಂತದ ಬಲವನ್ನು ಹೊರಗೆ ನೂಕುವುದು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಹೇಳುವ ಬದಲು ಚಿಮಟದಿಂದ ಅಯಸ್ಕಾಂತವನ್ನು ಇನ್ನೊಮ್ಮೆ ತೂಗಿಸಿದಳು. ಧರೆಪ್ಪ ಮಗಳ ಬೆನ್ನ ಮೇಲೆ ಕೈಯಿಟ್ಟ. ದ್ರವ ಆರುತ್ತ ಬಂದಂತೆ ಅಯಸ್ಕಾಂತ ಮೆಲ್ಲಗೆ ತಗ್ಗಿ, ಬಿಲ್ಲೆಯ ಮೇಲೆ ಕೂತಿತು. "ಇನ್ನೊಮ್ಮಿ ಹಾಕ್ಲೇನ್ರಿ?" ಎಂದು ವಿಠೋಬಾ ತಾನಾಗಿ ಕೇಳಿದ.

ಬಾಹುಬಲಿ ಒಂದು ಬಿಲ್ಲೆಯನ್ನು ಧಾರವಾಡಕ್ಕೆ ಒಯ್ದ. ಗುರುಗಳು ಅದನ್ನು ಅಳೆದರು. ತಡೆ ಬೀಳಬೇಕಾದಲ್ಲಿ ಕಡಿದಾಗಿ ಬಿದ್ದಿತ್ತು. ಅವಳ ನೋಂದಣಿಯ ಅವಧಿ ಮುಗಿದು ಹೋಗಿತ್ತು. ಮತ್ತೆ ಸೇರಬೇಕು, ಕೆಲಕಾಲವಾದರೂ ಅಲ್ಲೇ ಇದ್ದು ಕೆಲಸ ಮಾಡಬೇಕು, ಬಂದರೆ ಕೋಣೆ ಕೊಡಿಸುತ್ತೇನೆ ಎಂದು ಹೇಳಿಕಳಿಸಿದರು. ಶಿವಗಂಗಾ ಈ ಸಲ ಯಾರ ಮೂಲಕವೂ ಹೋಗದೆ, ಮಾವನ ಎದುರು ನೇರವಾಗಿ ಕೇಳಿದಳು. ಬಾಪುಸಾಹೇಬನೂ ಅಲ್ಲಿದ್ದ.

"ಹೋಗು. ಆದ್ರ ಕೂಸು?" ಎಂದ ಮುರಗೆಪ್ಪ.

"ಕರಕೊಂಡ ಹೋಗ್ತೀನ್ರಿ ಮಾವಾರ."

"ಮನಿತನದ ಹುಡುಗಿ ಹಾಸ್ಟೆಲಿನ್ಯಾಗ ಬೆಳೀಬೇಕೇನು? ಸ್ವಲ್ಪ ದೊಡ್ಡಾಕಿ ಆಗ್ಲಿ, ಸಾಲಿಗೆ ಹಚ್ಚೂಣು, ಆಮ್ಯಾಲ ನೋಡೂಣು. ನಾ ಬ್ಯಾಡ ಅನ್ನಾಕತ್ತಿಲ್ಲ ಮತ್ತ."

ಅವಳು ಗಂಡನ ಕಡೆ ತಿರುಗಿದಳು. ಅವನು ನೆಲದ ಫರಸಿಗಲ್ಲನ್ನು ನೋಡುತ್ತಿದ್ದ. ಕುಲುಮೆಯ ಮುಂದೆ ಕೂತ ಮನುಷ್ಯ ಅಪ್ಪನ ಮುಂದೆ ಇರಲಿಲ್ಲ.

ಮರುದಿನ ತೋಟದಲ್ಲಿ ಅವನು ಬಳ್ಳಿಗೆ ತಂತಿ ಬಿಗಿಯುತ್ತಿದ್ದಾಗ ಹತ್ತಿರ ಹೋಗಿ ಹೇಳಿದಳು: "ನೀವು ಒಂದ ಮಾತು ಆಡಬಹುದಾಗಿತ್ತು."

"ಆಡಿದ್ರ ಏನಾಗತಿತ್ತು? ಅಪ್ಪ ಕೇಳತಿದ್ರೇನು?"

"ಕೇಳತಿದ್ದಿಲ್ಲ. ನನಗ ಗೊತ್ತಾಗತಿತ್ತು."

ಅವನು ತಂತಿಯನ್ನು ಕೈಗೆ ಸುತ್ತಿಕೊಂಡು ನಿಂತ.

ಆಮೇಲಿನ ವರ್ಷಗಳನ್ನು ಹೇಳುವುದಕ್ಕೆ ಹೆಚ್ಚೇನಿಲ್ಲ. ಚಾಟ್ನಿ, ಸುಗ್ಗಿ, ಮಣೂಕ. ಚನ್ನವ್ವ ಶಾಲೆಗೆ ಹೋದಳು. ಶಾಲೆಗೆ ಹೋದ ಮೇಲೆ ಅವಳ ಓದು ಹಾಳಾಗಬಾರದು ಎಂಬ ಕಾರಣ ಹುಟ್ಟಿತು. ಬಾಹುಬಲಿ ಡಾಕ್ಟರೇಟ್ ಪಡೆದ. ಶಿವಗಂಗಾ ಅವನ ಮನೆಯ ಊಟಕ್ಕೆ ಹೋಗಿ ಹೋಳಿಗೆ ತಿಂದು ಬಂದಳು. ಗುರುಗಳು ನಿವೃತ್ತರಾದರು. ಒಂದು ಮಳೆಗಾಲದಲ್ಲಿ ಡಬ್ಬಿ ತೆಗೆದಾಗ ಸುಣ್ಣವೆಲ್ಲ ಹಿಟ್ಟಾಗಿತ್ತು, ಉಳಿದಿದ್ದ ಬಿಲ್ಲೆಯ ಮೇಲೆ ಬೂಷ್ಟಿನಂಥ ಬಿಳಿ ಕಟ್ಟಿತ್ತು. ಉಗುರಿನಿಂದ ಒತ್ತಿದರೆ ಅಂಚು ಉದುರಿತು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಆಗಾಗ ಎದೆ ಬಿಗಿಯಾಗಿ, ಅಂಗಳದಲ್ಲಿ ನಿಂತರೂ ಗಾಳಿ ಸಾಲದೆ ಹೋಗುತ್ತಿತ್ತು. ಮೀರಜಿನ ಡಾಕ್ಟರು ನೋಡಿ, ಏನೂ ಇಲ್ಲ, ವಿಶ್ರಾಂತಿ ಬೇಕು ಎಂದರು. ಮನೆಯವರು ಅಕ್ಕರೆಯಿಂದಲೇ ಅವಳನ್ನು ಮಾಳಿಗೆಯ ಕೋಣೆಯಲ್ಲಿ ಮಲಗಿಸಿದರು. ಅವಳಿಗೆ ಬೇಡವಾಗಿದ್ದದ್ದು ಅದೊಂದೇ.

೧೯೯೫ರಲ್ಲಿ ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು ಬೇಕಾಗಿದ್ದಾರೆಂಬ ಸುದ್ದಿ ಬಾಹುಬಲಿಯಿಂದ ಬಂತು. ಸಂದರ್ಶನದ ದಿನ ಅವಳು ಅತ್ತೆಯ ಜೊತೆ ಯಡೂರಿನಲ್ಲಿದ್ದಳು. ವೀರಭದ್ರನ ದರ್ಶನ ಮುಗಿಸಿ ಕೃಷ್ಣೆಯ ದಂಡೆಯಲ್ಲಿ ಕೂತಾಗ ಹೇಳಿದಳು:

"ಅತ್ತಿಯವ್ರ, ನಾ ಇಲ್ಲಿಂದ ನಿಪ್ಪಾಣಿಗೆ ಹೋಗ್ತೀನ್ರಿ. ಕಾಲೇಜಿನ್ಯಾಗ ಕೆಲಸ ಐತಿ. ಸಿಕ್ರ ಅಲ್ಲೇ ಇರ್ತೀನಿ, ಚನ್ನವ್ವನ್ನ ಕರಕೊಂಡು."

ಗೌರಾಬಾಯಿ ನೀರಿನಲ್ಲಿದ್ದ ಕಾಲನ್ನು ಮೇಲೆತ್ತಿಕೊಂಡಳು. "ಅವ್ರನ್ನ ಕೇಳಿದೇನು?"

"ಇಲ್ರಿ."

"ಕೇಳಬ್ಯಾಡ," ಎಂದಳು ಗೌರಾಬಾಯಿ. "ಕೇಳಿದ್ರ ಅವ್ರು ಬ್ಯಾಡ ಅನ್ನಂಗಿಲ್ಲ. ನಾನೂ ಒಂದ ಕಾಲದಾಗ ಕೇಳಿದ್ದೆ." ಏನನ್ನು ಕೇಳಿದ್ದಳೆಂದು ಅವಳು ಹೇಳಲಿಲ್ಲ. ಸೆರಗಿನ ತುದಿಯಿಂದ ಪ್ರಸಾದದ ಪೊಟ್ಟಣ ಬಿಚ್ಚಿ ಸೊಸೆಯ ಕೈಗಿಟ್ಟು, "ಚಿಕ್ಕೋಡಿ ಗಾಡಿ ಎಲ್ಲಿ ನಿಂದರತೈತಿ ಗೊತ್ತೈತಿಲ್ಲ?" ಎಂದು ಕೇಳಿದಳು.

ಕೆಲಸ ಸಿಕ್ಕಿತು. ಮನೆಯಲ್ಲಿ ಮುರಗೆಪ್ಪ ಸುದ್ದಿಯನ್ನು ಆದ ಮೇಲೆ ಕೇಳಿದ. "ಶನಿವಾರಕ್ಕ ಬರಬೇಕು," ಎಂದ. ಅದು ಕರಾರಾಯಿತು.

ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗಳ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಬಟ್ಟೆಗೂ ಅನ್ನಕ್ಕೂ ತಂಬಾಕಿನ ಘಾಟು. ಕಾಲೇಜಿನಲ್ಲಿ ಕುಲುಮೆ ಇರಲಿಲ್ಲ, ಸಂಶೋಧನೆಯ ಮಾತು ಯಾರೂ ಆಡುತ್ತಿರಲಿಲ್ಲ. ತಂತಿಯ ತಡೆ ಅಳೆಯುವ ಅದೇ ಪ್ರಯೋಗವನ್ನು ಪ್ರತಿವರ್ಷ ಹೊಸ ಹುಡುಗಿಯರಿಂದ ಮಾಡಿಸುವುದು. ಅವಳ ಹೆಸರಿನ ಹಿಂದೆ ಡಾಕ್ಟರ್ ಎಂದು ಬರಲಿಲ್ಲ. ಜಗತ್ತಿನ ಪ್ರಯೋಗಾಲಯಗಳು ಆ ಕರಿ ಬಿಲ್ಲೆಯನ್ನು ಹಿಂದೆ ಹಾಕಿ ಇನ್ನೂ ಸೋಜಿಗದ ವಸ್ತುಗಳ ಕಡೆ ಹೋಗಿದ್ದವು. ಅದನ್ನು ಅವಳು ಬಾಹುಬಲಿ ತಂದುಕೊಡುತ್ತಿದ್ದ ಪತ್ರಿಕೆಗಳಲ್ಲಿ ಓದುತ್ತಿದ್ದಳು. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು.

ಶನಿವಾರ ಮಧ್ಯಾಹ್ನದ ಬಸ್ಸು, ಸೋಮವಾರ ನಸುಕಿನ ಬಸ್ಸು. ವಾಡೆಯ ಬಾಗಿಲು ದಾಟಿದೊಡನೆ ಹಳೆಯ ಬಿಗಿತ ಎದೆಗೆ ಬರುತ್ತಿತ್ತು. ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ಶನಿವಾರ ಅವಳು ಸ್ಟ್ಯಾಂಡಿಗೆ ಹೋಗಿ, ಬಸ್ಸು ನೋಡಿ, ಮಗಳ ಕೈ ಹಿಡಿದು ಕೋಣೆಗೆ ಹಿಂತಿರುಗಿದಳು. ಮರುದಿನ ಬಾಪುಸಾಹೇಬ ಬಂದ. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಮಂಚದ ಮೇಲೆ ಕೂತು ಚಹಾ ಕುಡಿದ, ಮಗಳ ಪುಸ್ತಕ ತಿರುವಿ ನೋಡಿದ.

"ಇಲ್ಲಿ ಗಾಳಿ ಚಲೋ ಬರತೈತಿ," ಎಂದ.

"ಹೌದ್ರಿ."

"ಅಪ್ಪ ಕೇಳಿದ್ರ ಚನ್ನವ್ವಗ ಜ್ವರಾ ಬಂದಿತ್ತು ಅಂತ ಹೇಳ್ಲೇನು?"

"ಬ್ಯಾಡ. ಬರಲಿಲ್ಲ ಅಂತ ಹೇಳ್ರಿ."

ಅವನು ತಲೆಯಾಡಿಸಿ ಸಂಜೆಯ ಬಸ್ಸಿಗೆ ಹೋದ. ಹೋಗಿ ಹಾಗೆಯೇ ಹೇಳಿದನಂತೆ. ಮುಂದಿನ ಶನಿವಾರ ಶಿವಗಂಗಾ ಊರಿಗೆ ಹೋದಳು. ಅದರ ಮುಂದಿನ ಶನಿವಾರ ಹೋಗಲಿಲ್ಲ.